ಹೊಸ ವಾರ್ಡ್‌ರೋಬ್ ಬಿಡುವ ಗಾಳಿ

ಪ್ಲೈವುಡ್, ಎಂಡಿಎಫ್ ಹಲಗೆಗಳಿಂದ ಹೊರಬರುವ ಅನಿಲ ಅಳೆಯುವುದು ನನ್ನ ಕೆಲಸ. ಹಲಗೆಯ ತುಂಡಿನ ಅಂಚಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ ಸ್ಟೀಲ್ ಪೆಟ್ಟಿಗೆಯೊಳಗೆ ನಿಲ್ಲಿಸುತ್ತೇನೆ. ಅಲ್ಲಿ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 50 ತೇವಾಂಶ; ಶುದ್ಧ ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ. ಹೊರಬರುವ ಗಾಳಿಯನ್ನು ಪಂಪು ಪುಟ್ಟ ಕೊಳವೆಯೊಂದರ ಮೂಲಕ ಎಳೆಯುತ್ತದೆ. ಅದರೊಳಗಿನ ಡಿಎನ್‌ಪಿಎಚ್ ಎಂಬ ರಾಸಾಯನಿಕ, ಹಲಗೆ ಬಿಡುವ ಫಾರ್ಮಾಲ್ಡಿಹೈಡ್ ಅನಿಲವನ್ನು ಹಿಡಿದಿಡುತ್ತದೆ. ಬಣ್ಣ, ವಾರ್ನಿಷ್‌ಗಳ ಆವಿಗೆ ಬೇರೆ ಕೊಳವೆ. 3ನೇ ದಿನ ಒಮ್ಮೆ, 28ನೇ ದಿನ ಮತ್ತೊಮ್ಮೆ ಅಳತೆ. ನನಗೆ ಎರಡನೆಯದೇ ಮುಖ್ಯ. ಜನ ವರ್ಷಗಟ್ಟಲೆ ಉಸಿರಾಡುವ ಗಾಳಿಗೆ ಅದೇ ಹತ್ತಿರ.

ಅನಿಲ ಬರುವುದು ಮರದ ಪುಡಿ, ಪದರಗಳನ್ನು ಬೆಸೆದ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ. ತೇವ ತಾಗಿದರೆ ಆ ಅಂಟು ನಿಧಾನವಾಗಿ ಒಡೆಯುತ್ತದೆ, ಸೆಕೆ ಏರಿದರೆ ಇನ್ನೂ ಬೇಗ. ಹಾಗಾಗಿ ಮೇ ತಿಂಗಳ ಮಂಗಳೂರಿನಲ್ಲಿ ಅದೇ ಹಲಗೆ ನಮ್ಮ ಪೆಟ್ಟಿಗೆಯಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚು ಬಿಡುತ್ತದೆ. ಇದನ್ನು ಗ್ರಾಹಕರಿಗೆ ಯಾರೂ ಹೇಳದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಟ್ರೇಲರ್ ಮನೆಗಳನ್ನು ಕೊಟ್ಟಿತು. ಕಣ್ಣುರಿ, ಉಸಿರಾಟದ ತೊಂದರೆಯ ದೂರುಗಳು ಬಂದವು. ಮುಂದೆ 519 ಮನೆಗಳ ಗಾಳಿ ಪರೀಕ್ಷಿಸಿದಾಗ ಒಂದರಲ್ಲಿ ಫಾರ್ಮಾಲ್ಡಿಹೈಡ್ ಶತಕೋಟಿಗೆ 590 ಭಾಗ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸುಮಾರು 80. ಅದೂ ಪರೀಕ್ಷೆ ನಡೆದದ್ದು ಅನಿಲ ಕಡಿಮೆ ಬರುವ ಚಳಿಗಾಲದಲ್ಲಿ!

ನಿಮ್ಮ ಮನೆಯಲ್ಲಿ ಅನಿಲ ಕಡಿಮೆಯಾಗಬೇಕಿದ್ದರೆ ಬಡಗಿ ಕೊರೆದ ತೂತು, ಕೊಯ್ದ ಅಂಚುಗಳನ್ನು ಲ್ಯಾಮಿನೇಟ್ ಹಾಕಿ ಮುಚ್ಚಿಸಿ. ಬೀರುವಿನ ಹಿಂಬದಿಯನ್ನೂ ಬಿಡಬೇಡಿ.