ಕಿವಿಗಾಗಿ ಕಟ್ಟುವ ಮಾತು

ಸಂಕೇಶ್ವರದ ಸುತ್ತಮುತ್ತ ಭಾಷಣಕ್ಕೆ ಬರವಿಲ್ಲ. ಶಾಲೆಯ ಗ್ಯಾದರಿಂಗ್, ಸಹಕಾರಿ ಸಂಘದ ವಾರ್ಷಿಕ ಸಭೆ, ಜಾತ್ರೆ, ರಾಜ್ಯೋತ್ಸವ ಎಲ್ಲದಕ್ಕೂ ಮೈಕು ಕಟ್ಟುತ್ತಾರೆ. ಕೇಳಿ ಬಂದವರನ್ನು ‘ಏನ್ ಹೇಳಿದ್ರು?’ ಎಂದು ವಿಚಾರಿಸಿದರೆ ಮಾತ್ರ ‘ಛಲೋ ಮಾತಾಡಿದ್ರು’ ಎಂಬುದರ ಆಚೆಗೆ ಉತ್ತರ ಬರುವುದು ಅಪರೂಪ. ಭಾಷೆ ಸಪ್ಪೆಯಾಗಿದ್ದಕ್ಕೆ ಹೀಗಾಗುವುದಿಲ್ಲ. ಕಣ್ಣಿಗೆಂದು ಬರೆದ ಪ್ರಬಂಧವನ್ನೇ ವೇದಿಕೆಗೆ ತಂದದ್ದಕ್ಕೆ ಆಗುತ್ತದೆ. ತಿಳಿಯದಿದ್ದರೆ ಓದುಗ ಪುಟ ಹಿಂದಕ್ಕೆ ತಿರುವಬಲ್ಲ, ಕೇಳುಗನಿಗೆ ಆ ಅನುಕೂಲವಿಲ್ಲ. ಹಾಗಾಗಿ ಮುಂದೇನು ಎಂಬ ಕುತೂಹಲವನ್ನು ಮಾತೇ ಹುಟ್ಟಿಸಬೇಕು. ಅದಕ್ಕೆ ಪ್ರಶ್ನೆಗಿಂತ ಗಟ್ಟಿ ಸಾಧನ ಇನ್ನೊಂದಿಲ್ಲ.

ನಮ್ಮ ಭಾಗಕ್ಕೆ ಈ ಗುಟ್ಟು ಹೊಸದಲ್ಲ. ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಹೆಸರಾದ ಬಯಲಾಟ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ: ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಮುನಿದಳು. ಆದರೂ ಜನ ಬೆಳಗಿನವರೆಗೆ ಕೂರುತ್ತಿದ್ದರು. ಹಾಡಿನ ಸೊಗಸು ಒಂದು ಕಾರಣವಾದರೆ, ಭಾಗವತ ಮತ್ತು ದೂತಿಯರ ಸಂವಾದ ಇನ್ನೊಂದು. ಅವನು ಕೇಳುತ್ತಾನೆ, ಅವಳು ಹೇಳುತ್ತಾಳೆ, ಹೇಳಿದ್ದರಲ್ಲೇ ಅವನು ಮತ್ತೊಂದು ಪ್ರಶ್ನೆ ಹೆಕ್ಕುತ್ತಾನೆ. ಕುಳಿತವರ ಸಂದೇಹ ಅವರ ಪರವಾಗಿ ರಂಗದ ಮೇಲೇ ಕೇಳಿಬರುತ್ತದೆ. ಒಬ್ಬನೇ ನಿಂತ ಭಾಷಣಕಾರ ಈ ಎರಡೂ ಪಾತ್ರಗಳನ್ನು ತಾನೇ ನಿಭಾಯಿಸಬೇಕು.

ಆಟದ ಕಟ್ಟು ಗಂಭೀರ ವಿಚಾರಕ್ಕೆ ಒಗ್ಗೀತೇ ಎಂಬ ಅನುಮಾನ ಸಹಜ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣವನ್ನು ನೋಡಿ. ಅದರ ಮೊದಲ ಭಾಗದಲ್ಲಿ ಕಲಾಪದ ಲೆಕ್ಕವಿದೆ, ನೆರವಾದವರಿಗೆ ಕೃತಜ್ಞತೆಯಿದೆ, ಟೀಕಾಕಾರರಿಗೆ ಉತ್ತರವಿದೆ. ಆಮೇಲೆ ಅವರು ಪ್ರಶ್ನೆಗೆ ಹೊರಳುತ್ತಾರೆ: ಬಂದ ಸ್ವಾತಂತ್ರ್ಯವನ್ನು ಈ ದೇಶ ಉಳಿಸಿಕೊಂಡೀತೇ, ಮತ್ತೆ ಕಳೆದುಕೊಂಡೀತೇ? ಪ್ರಜಾಪ್ರಭುತ್ವದ ಗತಿಯೇನು? ಉತ್ತರವಾಗಿ ಮೂರೇ ಎಚ್ಚರಿಕೆ. ಸಂವಿಧಾನದ ದಾರಿ ಬಿಡಬೇಡಿ, ರಾಜಕೀಯದಲ್ಲಿ ವ್ಯಕ್ತಿಪೂಜೆ ಬೇಡ, ರಾಜಕೀಯ ಪ್ರಜಾಪ್ರಭುತ್ವವಷ್ಟಕ್ಕೇ ತೃಪ್ತರಾಗದೆ ಸಾಮಾಜಿಕ ಪ್ರಜಾಪ್ರಭುತ್ವ ಕಟ್ಟಿ. ಮಾತು ಉಳಿದದ್ದು ಹೇಳಿದವರ ಎತ್ತರದಿಂದ, ಆ ಸಂದರ್ಭದಿಂದ; ಕಟ್ಟಿನಿಂದಲ್ಲ ಎಂದು ಯಾರಾದರೂ ವಾದಿಸಬಹುದು. ಸಂದರ್ಭ ಕಿವಿಯನ್ನು ತೆರೆಸುತ್ತದೆ, ನಿಜ. ಆದರೆ ಅದೇ ವ್ಯಕ್ತಿ ಅದೇ ದಿನ ಆಡಿದ ಮೊದಲ ಭಾಗವನ್ನು ನೆನೆಯುವವರು ಎಷ್ಟು ಜನ? ಇಂದಿಗೂ ಉಲ್ಲೇಖಗೊಳ್ಳುವುದು ಬಹುಮಟ್ಟಿಗೆ ಪ್ರಶ್ನೆಯ ನಂತರದ ಭಾಗವೇ.

ಬರೆದುಕೊಂಡರೆ ಮಾತು ಒಣಗುತ್ತದೆ, ಎದೆಯಿಂದ ಬರಬೇಕು ಎಂಬ ಇನ್ನೊಂದು ಆಕ್ಷೇಪವಿದೆ. ಅದಕ್ಕೆ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಬರೆದದ್ದನ್ನು ಬದಿಗಿಟ್ಟು ತನ್ನ ಕನಸಿನ ಮಾತಾಡಿದ ಉದಾಹರಣೆ ಕೊಡುತ್ತಾರೆ. ಆದರೆ ಆ ಕನಸನ್ನು ಅವರು ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲೂ ಹೇಳಿದ್ದರು. ನಾಲಗೆಗೆ ಪಳಗಿದ್ದೇ ಹೊತ್ತಿಗೆ ಸರಿಯಾಗಿ ಒದಗಿತು.

ಹಾಗಾದರೆ ಬರೆಯುವುದು ಹೇಗೆ? ಕೇಳುಗ ಮನೆಗೆ ಹೋಗಿ ಹೇಳಬೇಕಾದ ಒಂದು ವಾಕ್ಯವನ್ನು ಮೊದಲು ಬರೆಯಿರಿ, ಅದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯಿಂದ ಶುರುಮಾಡಿ. ಕಬ್ಬು ಬೆಳೆಗಾರರ ಮುಂದೆ ಜಲಸಂರಕ್ಷಣೆಯ ಮಹತ್ವ ಎಂದು ಆರಂಭಿಸುವುದಕ್ಕಿಂತ ‘ಹನಿ ನೀರಾವರಿ ಮಾಡಿದ್ರ ನಮಗೇನ್ ಉಳಿತೈತಿ?’ ಎಂದು ಕೇಳುವುದು ಮೇಲು. ವೇದಿಕೆಯ ಮೇಲಿನ ಹಿರಿಯರ ಹೆಸರು ಬಿಡಲಾಗದು, ಬಿಟ್ಟರೆ ಮುನಿಸು. ಆದರೆ ನಿರೂಪಕರು ಆಗಲೇ ಹೇಳಿದ್ದರೆ ಒಟ್ಟಾಗಿ ಒಂದು ನಮಸ್ಕಾರ ಸಾಕು. ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯ ಮುರಿಯಿರಿ. ಆ ಒಂದು ವಾಕ್ಯ ಹೇಳಿಯಾದ ಮೇಲೆ ದಯವಿಟ್ಟು ‘ಇನ್ನೊಂದೇ ಮಾತು’ ಎನ್ನಬೇಡಿ.