ಹೆಗಲಿನ ಡಾಕ್ಟರು ಕೇಳಿದ ಲೆಕ್ಕ

ಹೆಗಲುನೋವೆಂದು ಎಂಆರ್‌ಐ ಮಾಡಿಸಿಕೊಂಡವರ ಮನೆಯವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ ಬಗೆಯದು. ವರದಿಯಲ್ಲಿ ‘ರೊಟೇಟರ್ ಕಫ್ ಟೇರ್’ ಎಂದು ಬಂದಿದೆ. ಹರಿದಿದೆ ಎಂದಮೇಲೆ ಹೊಲಿಸಲೇಬೇಕಲ್ಲವೇ? ಹೊಲಿಸಿದರೆ ಎಷ್ಟು ದಿನಕ್ಕೆ ಕೈ ಮೊದಲಿನಂತಾಗುತ್ತದೆ? ಮೊದಲನೆಯದಕ್ಕೆ ಉತ್ತರ, ಎಲ್ಲರಿಗೂ ಬೇಕಿಲ್ಲ. ಎರಡನೆಯದಕ್ಕೆ, ನೀವು ಅಂದುಕೊಂಡದ್ದಕ್ಕಿಂತ ಬಹಳ ತಡ. ಎರಡಕ್ಕೂ ಕಾರಣ ಹೆಗಲಿನ ಕಟ್ಟೋಣದಲ್ಲೇ ಇದೆ.

ಶಾಲೆಯ ಕ್ರೀಡಾದಿನದ ನಿಂಬೆಹಣ್ಣು-ಚಮಚದ ಓಟ ನೆನಪಿದೆಯಲ್ಲ? ಹೆಗಲಿನ ಕೀಲು ಹುಟ್ಟಿನಿಂದ ಸಾಯುವ ತನಕ ಅದೇ ಓಟ ಓಡುತ್ತಿರುತ್ತದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿದೆ. ಹೆಗಲಿನಲ್ಲಿ ಆ ಭಾಗ್ಯವಿಲ್ಲ. ತೋಳಿನ ಮೂಳೆಯ ದುಂಡುತಲೆ ನಿಂಬೆಹಣ್ಣು. ಹೆಗಲೆಲುಬಿನ ಪಕ್ಕದಲ್ಲಿರುವ ಪುಟ್ಟ ತಗ್ಗು ಚಮಚ. ಅಂಚಿನ ಸುತ್ತ ಲೇಬ್ರಮ್ ಎಂಬ ಮೆತ್ತನೆಯ ಏರಿ ಇದ್ದು ಚಮಚವನ್ನು ತುಸು ಆಳಗೊಳಿಸುತ್ತದೆ, ಅಷ್ಟೆ. ಚಮಚ ಆಳವಿಲ್ಲದ್ದರಿಂದಲೇ ಕೈ ಬೆನ್ನಿಗೂ ಹೋಗುತ್ತದೆ, ತಲೆಯ ಮೇಲಕ್ಕೂ ಏಳುತ್ತದೆ. ಬೀಳುವ ಭಯ ಆ ಸ್ವಾತಂತ್ರ್ಯಕ್ಕೆ ತೆರುವ ಬೆಲೆ.

ಓಟದಲ್ಲಿ ಗೆಲ್ಲುವ ಮಗು ಏನು ಮಾಡುತ್ತದೆ ನೋಡಿ. ಹಣ್ಣು ಎತ್ತ ಹೊರಳುತ್ತದೋ ಚಮಚವನ್ನೂ ಅತ್ತಲೇ ಒಯ್ಯುತ್ತದೆ. ನಮ್ಮ ಹೆಗಲೆಲುಬಿನ ಕೆಲಸವೂ ಅದೇ. ತೋಳನ್ನು ಪೂರ್ತಿ ಮೇಲೆತ್ತುವಾಗ ಸುಮಾರು ಮೂರರಲ್ಲಿ ಒಂದು ಪಾಲು ಚಲನೆ ಹೆಗಲೆಲುಬೇ ತಿರುಗಿ ಕೊಡುವಂಥದ್ದು. ಇನ್ನು ಮೇಷ್ಟ್ರ ಕಣ್ಣು ತಪ್ಪಿಸಿ ಹಣ್ಣನ್ನು ಬೆರಳಿನಿಂದ ಒತ್ತಿ ಹಿಡಿದು ಓಡುವ ಕಿಲಾಡಿಗಳಿರುತ್ತಾರಲ್ಲ, ಆ ಬೆರಳಿನ ಕೆಲಸವೇ ರೊಟೇಟರ್ ಕಫ್‌ನದು. ಹೆಗಲೆಲುಬಿನಿಂದ ಹೊರಟ ನಾಲ್ಕು ಚಿಕ್ಕ ಸ್ನಾಯುಗಳು ಮೂಳೆಯ ತಲೆಯನ್ನು ಸುತ್ತುವರಿದು ತಗ್ಗಿಗೆ ಒತ್ತಿ ಹಿಡಿಯುತ್ತವೆ. ತೋಳನ್ನು ಎತ್ತುವ ದಪ್ಪ ಸ್ನಾಯು ಡೆಲ್ಟಾಯಿಡ್. ಒತ್ತುವ ಬೆರಳು ಸೋತರೆ ಅದು ಹಣ್ಣನ್ನೇ ಚಮಚದಿಂದ ಮೇಲಕ್ಕೆ ಎಳೆಯುತ್ತದೆ. ಹಣ್ಣು ಪೂರ್ತಿ ಉರುಳಿದರೆ ಅದು ಕೀಲು ತಪ್ಪುವುದು. ಹಣ್ಣನ್ನು ಚಮಚಕ್ಕೆ ಅಂಟಿಸಿಬಿಟ್ಟರೆ? ಬೀಳುವುದಿಲ್ಲ, ಅಲ್ಲಾಡುವುದೂ ಇಲ್ಲ. ಅದೇ ‘ಫ್ರೋಜನ್ ಶೋಲ್ಡರ್’. ಮಧುಮೇಹಿಗಳನ್ನು ಇದು ಹೆಚ್ಚಾಗಿ ಕಾಡುತ್ತದೆ. ಕಾರಣವಿಲ್ಲದೆ ಹೆಗಲು ಹಿಡಿದುಕೊಂಡರೆ ರಕ್ತದ ಸಕ್ಕರೆ ನೋಡಿಸುವುದು ಒಳ್ಳೆಯದು.

ಮೂಳೆಗಿಂತ ಸ್ನಾಯುವನ್ನೇ ನಂಬಿದ ಕೀಲು ಪೆಟ್ಟು ತಿಂದರೆ ರಿಪೇರಿ ಎಷ್ಟು ನಿಧಾನ ಎಂಬುದಕ್ಕೆ ನಮ್ಮ ಅನಿಲ್ ಕುಂಬ್ಳೆ ಸಾಕ್ಷಿ. 2001ರ ಮಾರ್ಚ್‌ನ ಕೋಲ್ಕತ್ತ ಟೆಸ್ಟ್ ಎಂದರೆ ಲಕ್ಷ್ಮಣ್, ದ್ರಾವಿಡ್ ನೆನಪಾಗುತ್ತಾರೆ. ಆ ಸರಣಿಯಲ್ಲಿ 32 ವಿಕೆಟ್ ಕಿತ್ತ ಹರಭಜನ್ ನೆನಪಾಗುತ್ತಾರೆ. ಕುಂಬ್ಳೆ ಆ ತಂಡದಲ್ಲೇ ಇರಲಿಲ್ಲ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಬೌಲಿಂಗ್ ಮಾಡುವ ಹೆಗಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವರು ಚೇತರಿಸಿಕೊಳ್ಳುತ್ತಿದ್ದರು. ಮತ್ತೆ ಭಾರತಕ್ಕೆ ಆಡಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ 300ನೇ ಟೆಸ್ಟ್ ವಿಕೆಟ್ ಬಂತು. 2008ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಲೆಕ್ಕ 619ಕ್ಕೆ ಮುಟ್ಟಿತ್ತು. ಹತ್ತು ವಿಕೆಟ್‌ನ ಕಥೆಯನ್ನು, ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಚೇತರಿಕೆಯ ತಿಂಗಳುಗಟ್ಟಲೆಯ ವ್ಯಾಯಾಮಕ್ಕೆ ಕಥೆಯೂ ಇಲ್ಲ, ಹೈಲೈಟ್ಸೂ ಇಲ್ಲ.

ಹೆಗಲಿನ ವೈದ್ಯಕ್ಕೆ ಬಹಳ ಹಳೆಯ ಇತಿಹಾಸವಿದೆ. ತಪ್ಪಿದ ಕೀಲನ್ನು ಕೂರಿಸುವ ವಿಧಾನಗಳನ್ನು ಗ್ರೀಸಿನ ಹಿಪೊಕ್ರಟೀಸನ ಹೆಸರಿನ ಗ್ರಂಥಗಳೇ ವಿವರಿಸುತ್ತವೆ. ಮತ್ತೆಮತ್ತೆ ತಪ್ಪುವವರಿಗೆ ಕಂಕುಳಲ್ಲಿ ಕಾದ ಕಬ್ಬಿಣದ ಬರೆ ಹಾಕುವ ಸಲಹೆಯೂ ಅಲ್ಲಿದೆ. ಲೇಬ್ರಮ್ ಕಿತ್ತುಬರುವುದೇ ಪದೇ ಪದೇ ಕೀಲು ತಪ್ಪಲು ಮೂಲ ಎಂದು 1923ರಲ್ಲಿ ಬರೆದು, ಅದನ್ನು ಮತ್ತೆ ಮೂಳೆಗೆ ಸೇರಿಸುವ ದಾರಿ ತೋರಿಸಿದವರು ಇಂಗ್ಲೆಂಡಿನ ಬ್ಯಾಂಕಾರ್ಟ್. ಆದರೆ ನನಗೆ ಇವರೆಲ್ಲರಿಗಿಂತ ಇಷ್ಟವಾಗುವವರು ಅಮೆರಿಕದ ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್ಮನ್ ಎಂಬ ಜಗಳಗಂಟ ಸರ್ಜನ್.

ರೊಟೇಟರ್ ಕಫ್‌ನಲ್ಲಿ ಹೆಚ್ಚಾಗಿ ಹರಿಯುವ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವನ್ನು 1909ರಷ್ಟು ಹಿಂದೆಯೇ ಹೊಲಿದವರು ಕಾಡ್ಮನ್. ‘ಫ್ರೋಜನ್ ಶೋಲ್ಡರ್’ ಎಂಬ ಹೆಸರು ಅವರದು. ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ತೂಗಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 1934ರಲ್ಲಿ ಅವರು ಹೆಗಲಿನ ಬಗ್ಗೆಯೇ ದೊಡ್ಡದೊಂದು ಗ್ರಂಥ ಬರೆದರು. ಆದರೆ ಅವರನ್ನು ಊರಿಗೇ ಬೇಡವಾಗಿಸಿದ್ದು ಹೆಗಲಲ್ಲ, ಒಂದು ಸರಳ ಹಟ: ಚಿಕಿತ್ಸೆ ಪಡೆದ ಪ್ರತಿ ರೋಗಿಯನ್ನೂ ವರ್ಷದ ಮೇಲೆ ಮತ್ತೆ ಕರೆಸಿ, ಗುಣವಾಯಿತೇ ಎಂದು ಕೇಳಿ, ಆಗಿಲ್ಲದಿದ್ದರೆ ತಪ್ಪು ಯಾರದೆಂದು ಬರೆದಿಡಬೇಕು, ಆ ಲೆಕ್ಕ ಊರವರಿಗೂ ಸಿಗಬೇಕು. ಇದಕ್ಕೆ ಅವರಿಟ್ಟ ಹೆಸರು ‘ಎಂಡ್ ರಿಸಲ್ಟ್’.

ದೊಡ್ಡ ಆಸ್ಪತ್ರೆಗಳು ಒಪ್ಪಲಿಲ್ಲ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ಬಿಟ್ಟ ಕಾಡ್ಮನ್ 1915ರ ಜನವರಿಯಲ್ಲಿ ವೈದ್ಯರ ಸಭೆಯೊಂದನ್ನು ಕರೆದು ಭಾರೀ ಗಾತ್ರದ ವ್ಯಂಗ್ಯಚಿತ್ರವನ್ನು ಅನಾವರಣ ಮಾಡಿದರು. ಬಾಸ್ಟನ್ನಿನ ಶ್ರೀಮಂತರು ಮರಳಲ್ಲಿ ತಲೆ ಹೂತ ಉಷ್ಟ್ರಪಕ್ಷಿ. ಅದು ಹಿಂದಕ್ಕೆ ಒದೆಯುವ ಚಿನ್ನದ ಮೊಟ್ಟೆಗಳನ್ನು ಆಯ್ದುಕೊಳ್ಳುವವರು ವೈದ್ಯರು. ಸಭೆ ರಣರಂಗವಾಯಿತು. ಹಾರ್ವರ್ಡ್‌ನ ಬೋಧಕ ಹುದ್ದೆ ಹೋಯಿತು. ಕಾಡ್ಮನ್ ಜಗ್ಗಲಿಲ್ಲ. ತಾವೇ ನಡೆಸುತ್ತಿದ್ದ ಪುಟ್ಟ ಆಸ್ಪತ್ರೆಯಲ್ಲಿ 337 ರೋಗಿಗಳಿಗೆ ಚಿಕಿತ್ಸೆ ಕೊಟ್ಟು, 123 ತಪ್ಪುಗಳನ್ನು ಪಟ್ಟಿ ಮಾಡಿ, ಅಚ್ಚು ಹಾಕಿಸಿ ಹಂಚಿದರು! 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ವೈದ್ಯಲೋಕ ನೆನಪು ಮಾಡಿಕೊಂಡು ಕಲ್ಲು ನೆಡಿಸಿದ್ದು 2014ರಲ್ಲಿ.

ತಮಾಷೆಯೆಂದರೆ, ಕಾಡ್ಮನ್ನರ ಲೆಕ್ಕವನ್ನು ಅವರ ಪ್ರೀತಿಯ ಹೆಗಲಿಗೇ ಹಚ್ಚಲು ಮತ್ತೂ ದಶಕಗಳು ಹಿಡಿದವು. ಹೆಗಲಿನ ಮೇಲ್ಛಾವಣಿಯ ಮೂಳೆ ಕೆಳಗಿನ ರಜ್ಜುವಿಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ, ಉಜ್ಜುವುದರಿಂದ ನೋವು ಬರುತ್ತದೆ, ಮೂಳೆಯ ಅಂಚನ್ನು ಕೆರೆದರೆ ಸರಿಹೋಗುತ್ತದೆ ಎಂದು 1972ರಲ್ಲಿ ಚಾರ್ಲ್ಸ್ ನೀರ್ ಪ್ರತಿಪಾದಿಸಿದರು. ಕೇಳಲು ಎಷ್ಟು ತರ್ಕಬದ್ಧ! ಕೀಹೋಲ್ ಸರ್ಜರಿ ಬಂದಮೇಲಂತೂ ಕೆರೆಯುವುದು ಲೋಕಪ್ರಿಯವಾಯಿತು. ಕೊನೆಗೆ ಬ್ರಿಟನ್ನಿನ ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾಗಿ ಕೆರೆದರು, ಇನ್ನೊಂದಕ್ಕೆ ಕೊಳವೆ ತೂರಿಸಿ ನೋಡಿ ಸುಮ್ಮನೆ ಮುಚ್ಚಿದರು, ಮೂರನೆಯದಕ್ಕೆ ಏನೂ ಮಾಡಲಿಲ್ಲ. 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ: ಕೆರೆದವರಿಗೂ ಕೆರೆಯದೆ ಮುಚ್ಚಿದವರಿಗೂ ವ್ಯತ್ಯಾಸವಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಇಬ್ಬರೂ ಚೂರು ಮೇಲು. ಆದರೆ ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ಅದೇ ವರ್ಷ ಫಿನ್ಲೆಂಡಿನ ಅಧ್ಯಯನದಲ್ಲೂ ಕೆರೆದದ್ದರಿಂದ ಲಾಭ ಕಾಣಲಿಲ್ಲ.

ಎಂಆರ್‌ಐ ವರದಿಯ ‘ಹರಿದಿದೆ’ಗೂ ಇಂಥದೇ ಪರೀಕ್ಷೆ ಆಗಿದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೆಗಲುನೋವಿಲ್ಲದ 96 ಮಂದಿಯನ್ನು ಸ್ಕ್ಯಾನ್ ಮಾಡಿದರು. ಶೇ 34 ಮಂದಿಯ ರೊಟೇಟರ್ ಕಫ್ ಹರಿದಿತ್ತು. ಅರವತ್ತು ದಾಟಿದವರಲ್ಲಿ ಶೇ 54. ಅವರಾರಿಗೂ ನೋವಿರಲಿಲ್ಲ! ಕೂದಲು ನರೆಯುವ ವಯಸ್ಸಿನಲ್ಲಿ ರಜ್ಜುವೂ ಸವೆಯುತ್ತದೆ. ನೋವಿನ ಮೂಲ ಆ ಹರಿದ ಜಾಗವೇ ಎಂದು ಚಿತ್ರ ನೋಡಿಯೇ ಹೇಳಲಾಗದು. ವಯಸ್ಸಾದಂತೆ ಸವೆದು ಹರಿದದ್ದಕ್ಕೆ ಮೊದಲು ಕೆಲವು ತಿಂಗಳು ಕ್ರಮವಾದ ವ್ಯಾಯಾಮ ಮಾಡಿ ನೋಡುವುದು ವಾಡಿಕೆ.

ಹಾಗಂತ ಸರ್ಜರಿಯೇ ಸುಳ್ಳು ಎಂದು ಯಾರೂ ಓದಿಕೊಳ್ಳಬೇಡಿ. ಬೈಕಿನಿಂದ ಬಿದ್ದು ಆ ಕ್ಷಣದಿಂದ ಕೈ ಎತ್ತಲಾಗದವರು, ಕಬಡ್ಡಿಯಲ್ಲಿ ಪದೇ ಪದೇ ಕೀಲು ತಪ್ಪಿಸಿಕೊಳ್ಳುವ ಹುಡುಗರು ಕಾಯುತ್ತ ಕೂರಬಾರದು. ಪೂರ್ತಿ ಹರಿದ ರಜ್ಜು ದಿನ ಕಳೆದಂತೆ ಹಿಂದಕ್ಕೆ ಸರಿಯುತ್ತದೆ, ಸ್ನಾಯು ಕೊಬ್ಬಾಗಿ ಮಾರ್ಪಡುತ್ತದೆ. ಆಮೇಲೆ ಹೊಲಿಯುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ. ತಪ್ಪಿದ ಕೀಲನ್ನು ಮೈದಾನದಲ್ಲೇ ಯಾರೋ ಎಳೆದು ಕೂರಿಸುವುದಂತೂ ಬೇಡ. ಎಕ್ಸ್‌ರೇ ಇಲ್ಲದೆ ಮುರಿತ ತಿಳಿಯದು, ಪಕ್ಕದಲ್ಲೇ ಡೆಲ್ಟಾಯಿಡ್‌ಗೆ ಹೋಗುವ ನರವಿದೆ.

ಇನ್ನು ಚೇತರಿಕೆ. ‘ಮರುದಿನವೇ ಮನೆಗೆ’ ಎಂಬ ಜಾಹೀರಾತು ಸುಳ್ಳಲ್ಲ. ಮನೆಗೆ ಹೋಗುವುದು ಚರ್ಮದ ಗಾಯ, ರಜ್ಜುವಿನ ಗಾಯವಲ್ಲ. ಹುಟ್ಟಿನಿಂದ ಬಂದ ಜೋಡಣೆಯಲ್ಲಿ ಮೆತ್ತನೆಯ ರಜ್ಜು ಹಂತಹಂತವಾಗಿ ಗಟ್ಟಿಯಾಗುತ್ತ ಮೂಳೆಯಲ್ಲಿ ಬೆರೆತುಹೋಗಿರುತ್ತದೆ. ಹೊಲಿದ ಜಾಗದಲ್ಲಿ ಆ ಹಂತಗಳು ಮರಳಿ ಮೂಡುವುದಿಲ್ಲ. ಗಾಯದ ಕಲೆಯಂಥ ಅಂಗಾಂಶವೇ ಎರಡನ್ನೂ ಹಿಡಿದಿಡಬೇಕು. ಆದ್ದರಿಂದ ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ ಕೈ. ಆಮೇಲೆ ಬೇರೆಯವರು ಎತ್ತಿಸುವ ಚಲನೆ, ಆಮೇಲೆ ತಾನೇ ಎತ್ತುವುದು. ಭಾರ ಹಿಡಿಯುವುದು ಸಾಮಾನ್ಯವಾಗಿ ಮೂರು ತಿಂಗಳ ಬಳಿಕ, ಆಟಕ್ಕೆ ಆರು ತಿಂಗಳು ಅಥವಾ ಹೆಚ್ಚು. ನೋವು ಹೋಗಿ ರೋಗಿಗೆ ಧೈರ್ಯ ಬರುವ ಹೊತ್ತಿಗೆ ಜೋಡಣೆ ಇನ್ನೂ ಎಳಸು. ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ ಎರಡೂ ಅದನ್ನು ಇನ್ನಷ್ಟು ತಡಮಾಡುತ್ತವೆ. 2004ರ ಅಮೆರಿಕದ ವರದಿಯೊಂದರಲ್ಲಿ ಬಹು ದೊಡ್ಡ ಹರುಕನ್ನು ಹೊಲಿಸಿಕೊಂಡ 18 ಮಂದಿಯನ್ನು ವರ್ಷದ ಮೇಲೆ ನೋಡಿದಾಗ 17 ಮಂದಿಗೆ ಮತ್ತೆ ಹರಿದಿತ್ತು. ವಿಚಿತ್ರವೆಂದರೆ ಆ ಹೊತ್ತಿಗೆ ಅವರಲ್ಲಿ ಬಹುಪಾಲು ಜನಕ್ಕೆ ನೋವು ತಗ್ಗಿ ಕೈ ಚೆನ್ನಾಗಿಯೇ ಏಳುತ್ತಿತ್ತು. ಗುಣಪಡಿಸಿದ್ದು ದಾರವೋ, ವ್ಯಾಯಾಮವೋ?

ಹಾಗಿದ್ದರೆ ವ್ಯಾಯಾಮವನ್ನು ಮೊದಲೇ ಏಕೆ ಮಾಡಬಾರದು? ನಾರ್ವೆಯಲ್ಲಿ 45 ಹ್ಯಾಂಡ್‌ಬಾಲ್ ತಂಡಗಳ 660 ಆಟಗಾರರ ಮೇಲೆ ಇದನ್ನೇ ಪರೀಕ್ಷಿಸಿದರು. ಅರ್ಧದಷ್ಟು ತಂಡಗಳು ವಾರಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ, ಆಟಕ್ಕೆ ಮುನ್ನ ಹೆಗಲಿನ ವ್ಯಾಯಾಮ ಮಾಡಿದವು: ಎಸೆದ ಕೈಯ ವೇಗವನ್ನು ತಡೆಯುವ ಹಿಂಬದಿಯ ಸ್ನಾಯುಗಳಿಗೆ ಬಲ, ಹೆಗಲೆಲುಬಿನ ಹತೋಟಿ, ಬೆನ್ನಿನ ತಿರುಗುವಿಕೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ತಂಡಗಳಲ್ಲಿ ಹೆಗಲಿನ ತೊಂದರೆಯ ಸಾಧ್ಯತೆ ಶೇ 28ರಷ್ಟು ಕಡಿಮೆ. ಜಿಮ್ಮಿಗೆ ಹೋಗುವ ನಮ್ಮ ಹುಡುಗರು ಕನ್ನಡಿಯಲ್ಲಿ ಕಾಣುವ ಎದೆಯನ್ನಷ್ಟೇ ಬೆಳೆಸಿ, ಕಾಣದ ಬೆನ್ನನ್ನು ಮರೆಯುತ್ತಾರೆ. ದೋಟಿ ಹಿಡಿದು ಅಡಿಕೆ ಕೊಯ್ಯುವವರು, ಛಾವಣಿಗೆ ಬಣ್ಣ ಹೊಡೆಯುವವರು ದಿನವಿಡೀ ಕೈ ಮೇಲೆತ್ತಿಯೇ ದುಡಿಯುತ್ತಾರೆ. ಅವರ ಹೆಗಲಿಗೆ ಯಾವ ಕೋಚೂ ಇಲ್ಲ. ನಡುನಡುವೆ ಕೈ ಇಳಿಸುವ ವಿರಾಮ, ಎದೆಮಟ್ಟಕ್ಕೆ ಕೆಲಸ ತರುವ ಏಣಿ ಅಥವಾ ಅಟ್ಟಣಿಗೆ, ದಿನಕ್ಕೊಂದಿಷ್ಟು ರಬ್ಬರ್ ಪಟ್ಟಿಯ ವ್ಯಾಯಾಮ: ಖರ್ಚಿನ ಮಟ್ಟಿಗೆ ಇದಕ್ಕಿಂತ ಅಗ್ಗದ ಔಷಧ ಹೆಗಲಿಗೆ ಬೇರೆ ಇಲ್ಲ.

ಇಷ್ಟಾಗಿಯೂ ಸರ್ಜರಿಯೇ ಬೇಕೆಂದು ವೈದ್ಯರು ಹೇಳಿದರೆ ಪ್ಯಾಕೇಜ್ ಎಷ್ಟು ಎಂದು ಕೇಳುವ ಮೊದಲು ಕಾಡ್ಮನ್ನರ ಪ್ರಶ್ನೆ ಕೇಳಿ: ಇದೇ ವಯಸ್ಸಿನ, ಇಂಥದೇ ಹರುಕಿನ ನಿಮ್ಮ ರೋಗಿಗಳು ಒಂದು ವರ್ಷದ ಮೇಲೆ ಹೇಗಿದ್ದಾರೆ? ಲೆಕ್ಕ ಇಟ್ಟವರು ಉತ್ತರಿಸುತ್ತಾರೆ. ಇಡದವರು ಸಿಟ್ಟಾದರೆ ಇನ್ನೊಬ್ಬ ವೈದ್ಯರನ್ನು ಕಾಣಲು ಅದೇ ಕಾರಣ ಸಾಕು.