ಡಿಗ್ರಿ ಮುಗೀತು, ಕಾಲ್‌ಫಾರ್ಮ್ ಯಾವಾಗ?

ಜೇವರ್ಗಿ ಕಡೆಯಿಂದ ಬಳ್ಳಾರಿಯತ್ತ ಹೊರಟ 150ಎ ರಾಷ್ಟ್ರೀಯ ಹೆದ್ದಾರಿ ರಾಯಚೂರು ಜಿಲ್ಲೆಯೊಳಗೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದರ ಹಿಂದೊಂದು ಮುಟ್ಟಿಕೊಂಡು ಸಾಗುತ್ತದೆ. ಲಿಂಗಸುಗೂರಿಗೆ ಹಟ್ಟಿಯ ಚಿನ್ನದ ಗಣಿಯ ಹೆಸರು, ಮಸ್ಕಿಗೆ 1915ರಲ್ಲಿ ಸಿಕ್ಕ ಅಶೋಕನ ಶಾಸನದ ಹೆಸರು, ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹೆಸರು. ಕೊನೆಯ ಸೆಮಿಸ್ಟರ್ ಹೊತ್ತಿಗೆ ಮೂರೂ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಹುಡುಗರು ಕೇಳುವುದು ಮಾತ್ರ ಪೊಲೀಸ್ ಕಾನ್‌ಸ್ಟೆಬಲ್ (ಪಿಸಿ) ಹುದ್ದೆಗೆ ಅರ್ಜಿ ಕರೆಯುವ ಬಗೆಗಿನ ಒಂದೇ ಪ್ರಶ್ನೆ: ‘ಪಿಸಿ ಕಾಲ್‌ಫಾರ್ಮ್ ಯಾವಾಗ ಆಗ್ತದ್ರೀ ಸರ?’

ಆ ‘ಸರ’ ಸಾಮಾನ್ಯವಾಗಿ ಇತಿಹಾಸವನ್ನೋ ವಾಣಿಜ್ಯವನ್ನೋ ಪಾಠ ಮಾಡುವ ಅಧ್ಯಾಪಕರು. ವಾರದ ಪಾಠ, ಪರೀಕ್ಷೆ, ಮೌಲ್ಯಮಾಪನದ ಜತೆಗೆ ‘ವೃತ್ತಿ ಮಾರ್ಗದರ್ಶನ ಮತ್ತು ಉದ್ಯೋಗ ಘಟಕ’ದ ಸಂಚಾಲಕತ್ವವೂ ಅವರ ಹೆಗಲಿಗೇ. ಕಾಲೇಜಿನ ಆಡುಮಾತಿನಲ್ಲಿ ಅದು ಪ್ಲೇಸ್‌ಮೆಂಟ್ ಸೆಲ್. ಘಟಕ ಎಂದರೆ ಬೇರೆ ಕಟ್ಟಡ, ಸಿಬ್ಬಂದಿ ಎಂದೆಲ್ಲ ಕಲ್ಪಿಸಿಕೊಳ್ಳಬೇಕಾಗಿಲ್ಲ. ತಾಲ್ಲೂಕು ಮಟ್ಟದ ಕಾಲೇಜಿನಲ್ಲಿ ಅದು ಹೆಚ್ಚಾಗಿ ಒಂದು ಬೀರು, ಒಂದು ನೋಟಿಸ್ ಬೋರ್ಡು, ಒಂದು ವಾಟ್ಸ್‌ಆ್ಯಪ್ ಗುಂಪು. ಅಷ್ಟರಲ್ಲೇ ಕೆಲಸ ನಡೆಯಬೇಕು, ನಡೆಯುತ್ತಲೂ ಇದೆ.

ಪದವೀಧರರಿಗೆ ನೌಕರಿಯ ದಾರಿ ತೋರಿಸುವುದೂ ವಿಶ್ವವಿದ್ಯಾಲಯದ ಕೆಲಸವೇ ಎಂಬ ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1892ರಲ್ಲೇ ಇದಕ್ಕೊಂದು ಸಮಿತಿಯಾಯಿತು. ನಮ್ಮಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ವ್ಯವಸ್ಥೆ ಶುರುವಾದದ್ದು 1945ರಲ್ಲಿ, ಮಹಾಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರಿಗೆ ಕೆಲಸ ಹುಡುಕಿಕೊಡಲು. ಮುಂದೆ ವಿಶ್ವವಿದ್ಯಾಲಯಗಳ ಆವರಣಕ್ಕೂ ಅದರ ಕವಲುಗಳು ಬಂದವು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರ ಅಂಥದ್ದೊಂದು. ಈ ಮೂರು ಊರಿನ ಹುಡುಗರಿಗೆ ಮೈಸೂರು ಹೋಗಲಿ, ತಮ್ಮ ವಿಶ್ವವಿದ್ಯಾಲಯವೇ ದೂರವಿತ್ತು. 1980ರಿಂದ ನಾಲ್ಕು ದಶಕ ಇಲ್ಲಿನ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ತೆಕ್ಕೆಯಲ್ಲಿದ್ದವು. ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದು ಪ್ರತ್ಯೇಕ ವಿಶ್ವವಿದ್ಯಾಲಯ ಯರಗೇರಾದಲ್ಲಿ ತಲೆಯೆತ್ತಿದ್ದು ತೀರಾ ಈಚೆಗೆ. ಹಾಗಾಗಿ ಇಲ್ಲಿ ವಿದ್ಯಾರ್ಥಿಯ ಪಾಲಿಗೆ ವಿಶ್ವವಿದ್ಯಾಲಯದ ವೃತ್ತಿ ಸೇವೆ ಎಂದರೆ ಅವನ ಕಾಲೇಜಿನ ಆ ಬೀರು ಮತ್ತು ಆ ಸರ.

ಘಟಕ ಮಾಡುವ ಕೆಲಸಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ವರದಿಗಳಲ್ಲಿ ಅತಿ ಕಡಿಮೆ ಕಾಣುತ್ತದೆ. ಅದು ಕಾಗದಪತ್ರದ ಕೆಲಸ. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಇಲ್ಲಿನವರಿಗೇ ಮೀಸಲು. ಮೀಸಲಾತಿ ಇದ್ದರೆ ಸಾಲದು, ಕೈಯಲ್ಲಿ ಅರ್ಹತಾ ಪ್ರಮಾಣಪತ್ರ ಇರಬೇಕು. ಅದನ್ನು ಕೊಡುವವರು ಉಪವಿಭಾಗಾಧಿಕಾರಿ, ಅವರ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಸಿಂಧನೂರಿನ ಹುಡುಗನೂ ಮಸ್ಕಿಯ ಹುಡುಗಿಯೂ ಅದಕ್ಕಾಗಿ ನೋಡಬೇಕಾದ್ದು ಲಿಂಗಸುಗೂರಿನ ಕಡೆಗೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 25ರ ಗ್ರಾಮೀಣ ಮೀಸಲಾತಿ ಉಂಟು. ಅದಕ್ಕೆ ಓದಿದ ಶಾಲೆಯ ಮುಖ್ಯಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಅದಕ್ಕೆ ಬೇರೆ ನಮೂನೆ. ಜಾತಿ, ಆದಾಯದ ಪತ್ರಗಳಿಗೆ ಕಂದಾಯ ಇಲಾಖೆಯ ಆರ್‌ಡಿ ಸಂಖ್ಯೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಪೂರ್ತಿ, ಆಧಾರ್‌ನಲ್ಲಿ ಬರೀ ಇನಿಶಿಯಲ್ ಎಂದಾದರೆ ಅದೊಂದು ಪ್ರತ್ಯೇಕ ತಕರಾರು. ಇವೆಲ್ಲ ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಪಡೆದವಾಗಿರಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದವರು ಬಸ್ಸಿನಲ್ಲೇ ಉಳಿಯುತ್ತಾರೆ. ಮೊದಲ ವರ್ಷದಲ್ಲೇ ಒಂದು ಫೈಲು ಮಾಡಿಸಿ, ಈ ಪತ್ರಗಳನ್ನು ಒಂದೊಂದಾಗಿ ಸೇರಿಸಲು ಹೇಳುವ ಅಧ್ಯಾಪಕರು ಮಾಡುತ್ತಿರುವುದು ಯಾವ ಕ್ಯಾಂಪಸ್ ಸಂದರ್ಶನಕ್ಕೂ ಕಡಿಮೆಯ ಕೆಲಸವಲ್ಲ.

ಸರ್ಕಾರಿ ನೌಕರಿಯ ಹಸಿವು ಎಷ್ಟೆಂಬುದಕ್ಕೆ ಸಿಂಧನೂರೇ ಸಾಕ್ಷಿ. 2024ರ ನವೆಂಬರ್ 17ರಂದು ಕಲ್ಯಾಣ ಕರ್ನಾಟಕ ವೃಂದದ 97 ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ, ಇಲ್ಲಿನ ಸರ್ಕಾರಿ ಪದವಿ ಕಾಲೇಜಿನ ಕೇಂದ್ರದ ಅಭ್ಯರ್ಥಿಗಳು ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎಂದು ಆರೋಪಿಸಿ ಹೊರಬಂದು ರಸ್ತೆ ತಡೆದರು. ಒಂದು ಹುದ್ದೆಗಾಗಿ ವರ್ಷಗಟ್ಟಲೆ ಧಾರವಾಡ, ವಿಜಯಪುರಗಳ ಕೋಚಿಂಗ್ ರೂಮುಗಳಲ್ಲಿ ಕೂತು ಬಂದವರ ಸಿಟ್ಟು ಹಾಗೇ ಇರುತ್ತದೆ. ಮನೆಯವರು ಎಕರೆಯ ಲೆಕ್ಕದಲ್ಲಿ ಖರ್ಚು ಮಾಡಿರುತ್ತಾರೆ.

ಖಾಸಗಿ ಕೆಲಸಕ್ಕೆ ಅಣಿಗೊಳಿಸುವುದು ಬೇರೆಯದೇ ಕಸುಬು. ಶುರುವಾಗುವುದು ಬಯೋಡೇಟಾದಿಂದ. ಹೆಚ್ಚಿನವು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟುತ್ತವೆ. ಒಂದೇ ಅಚ್ಚು: ಹೆಸರು, ತಂದೆಯ ಹೆಸರು, ಹವ್ಯಾಸ ಕ್ರಿಕೆಟ್, ಕೊನೆಗೆ ‘ಮೇಲಿನ ಮಾಹಿತಿ ಸತ್ಯ’ ಎಂಬ ಘೋಷಣೆ. ಅದರಲ್ಲಿ ಇಲ್ಲದ್ದೇ ಬಹಳ. ಸಿಂಧನೂರಿನ ಎಪಿಎಂಸಿಯ ಅಡತ್ ಅಂಗಡಿಯಲ್ಲಿ ಸಂಜೆ ಹೊತ್ತು ಚೀಲದ ಲೆಕ್ಕ ಬರೆಯುವ ಬಿ.ಕಾಂ. ಹುಡುಗ ಅದನ್ನು ಕೆಲಸ ಅಂತಲೇ ಎಣಿಸಿರುವುದಿಲ್ಲ. ಊರಿನ ಸ್ವಸಹಾಯ ಸಂಘದ ಸಾಲದ ಕಂತು, ಬಡ್ಡಿ, ನಡಾವಳಿ ಎಲ್ಲ ಬರೆಯುವ ಹುಡುಗಿ ‘ಅನುಭವ’ದ ಕಾಲಂನಲ್ಲಿ ‘ಇಲ್ಲ’ ಎಂದು ಬರೆಯುತ್ತಾಳೆ. ಪೂರ್ವ ಪಾಕಿಸ್ತಾನದಿಂದ ಬಂದವರಿಗಾಗಿ ಸಿಂಧನೂರು ತಾಲ್ಲೂಕಿನಲ್ಲಿ ಕಟ್ಟಿದ ಆರ್.ಎಚ್. ಕ್ಯಾಂಪುಗಳ ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಹಿಂದಿ, ಆಂಧ್ರದಿಂದ ಬಂದ ರೈತರ ಜತೆ ತೆಲುಗು ಆಡಬಲ್ಲರು. ಬ್ಯಾಂಕ್, ವಿಮೆ, ಬೀಜ–ಗೊಬ್ಬರ ಕಂಪನಿಗಳ ಮಾರಾಟ ವಿಭಾಗಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಇನ್ನೇನು ಬೇಕು? ಒಳ್ಳೆಯ ಮಾರ್ಗದರ್ಶಕರು ಮೊದಲು ಮಾಡುವುದು ಇಂಥದ್ದನ್ನು ಕೆದಕಿ ಹೊರಗೆ ತೆಗೆಯುವುದು.

ಅಣಕು ಸಂದರ್ಶನ ಆಮೇಲಿನದು. ‘ನಿಮ್ಮ ಬಗ್ಗೆ ಹೇಳಿ’ ಎಂದ ಕೂಡಲೇ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ಸಾಲು ಒಪ್ಪಿಸಿ ನಿಂತುಬಿಡುತ್ತಾರೆ. ಅದೇ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಕೇಳಿ, ಹೇಳಲು ಏನಿದೆ ಎಂದು ಅವರಿಗೇ ಗೊತ್ತಾದ ಮೇಲೆ ಇಂಗ್ಲಿಷಿಗೆ ಇಳಿಸುವುದು ನಿಧಾನದ ದಾರಿ. ಆದರೆ ಫಲ ಕೊಡುವುದು ಅದೇ. ಕಾಲೇಜು ಶಿಕ್ಷಣ ಇಲಾಖೆ ಹಿಂದೆ ‘ಆಂಗ್ಲ’, ‘ವಿಕಸನ’ ಎಂಬ ಕಾರ್ಯಕ್ರಮಗಳನ್ನು ಈ ಉದ್ದೇಶಕ್ಕೇ ತಂದಿತ್ತು. ಹೆಸರುಗಳು ಬದಲಾಗುತ್ತವೆ, ಮೂರನೇ ಬೆಂಚಿನ ಹಿಂಜರಿಕೆ ಬೇಗ ಬದಲಾಗುವುದಿಲ್ಲ.

ಇನ್ನು ದೂರದ ಪ್ರಶ್ನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಉದ್ಯೋಗ ಮೇಳಕ್ಕೆಂದು ರಾಯಚೂರಿಗೋ ಕಲಬುರಗಿಗೋ ಹೋಗಲು ಈಗ ಅಪ್ಪನ ಹತ್ತಿರ ಬಸ್ ಚಾರ್ಜು ಕೇಳಬೇಕಿಲ್ಲ. 2024ರಲ್ಲಿ ರೈಲೂ ಸಿಂಧನೂರಿಗೆ ಬಂತು. ಬೆಂಗಳೂರು ಹತ್ತಿರವಾಯಿತು ನಿಜ. ಹಾಗೆಂದು ಹದಿನೈದು ಸಾವಿರ ಸಂಬಳಕ್ಕೆ ಪೀಣ್ಯದಲ್ಲಿ ಬಾಡಿಗೆ ಕಟ್ಟಿ ಬದುಕುವ ಲೆಕ್ಕ ಹತ್ತಿರವಾಗಿಲ್ಲ. ನೇಮಕಾತಿ ಪತ್ರ ಕೈಗೆ ಬಂದ ಸಂಭ್ರಮದಲ್ಲಿ ಈ ಲೆಕ್ಕ ಹಾಕಿ ತೋರಿಸುವವರು ಕಡಿಮೆ.

ಇಲ್ಲಿಯೇ ಘಟಕಗಳ ಬಗ್ಗೆ ಒಂದು ತಕರಾರು ಎತ್ತಬೇಕು. ಅವುಗಳ ಕಣ್ಣು ಮಹಾನಗರದ ಕಂಪನಿಗಳ ಮೇಲೆ. ಆದರೆ ಸಿಂಧನೂರಿನ ಸುತ್ತ ಅಕ್ಕಿ ಗಿರಣಿಗಳಿವೆ, ಟ್ರ್ಯಾಕ್ಟರ್ ಶೋರೂಮುಗಳಿವೆ, ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರಂ ಇದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ರಾಜ್ಯ ಸರ್ಕಾರದ ಒಡೆತನದ ಹಟ್ಟಿ ಚಿನ್ನದ ಗಣಿ ಕಂಪನಿಯೇ ಇದೆ. ಇವರಿಗೆಲ್ಲ ಲೆಕ್ಕಿಗರು, ದಾಸ್ತಾನು ನೋಡುವವರು, ಪ್ರಯೋಗಾಲಯ ಸಹಾಯಕರು ಬೇಕು. ಗಿರಣಿ ಮಾಲೀಕರನ್ನು ಕಾಲೇಜಿನ ಸಭಾಂಗಣಕ್ಕೆ ಕರೆಸಿ, ‘ನಿಮಗೆ ಎಂಥ ಹುಡುಗರು ಬೇಕು’ ಎಂದು ಕೇಳಲು ಬೆಂಗಳೂರಿನವರೆಗೆ ಪತ್ರ ಬರೆಯಬೇಕಾಗಿಲ್ಲ.

ಮತ್ತೊಂದು ಕೊರತೆ ಲೆಕ್ಕದ್ದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆಯ ಐದನೇ ಮಾನದಂಡ ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಎಷ್ಟು ಮಂದಿಗೆ ಉದ್ಯೋಗ ಸಿಕ್ಕಿತು ಎಂಬ ಅಂಕಿ ಅಲ್ಲಿ ಬೇಕು. ಹಾಗಾಗಿ ನೇಮಕಾತಿ ಪತ್ರದ ಪ್ರತಿ ಫೈಲಿಗೆ ಸೇರುತ್ತದೆ. ಆರು ತಿಂಗಳ ನಂತರ ಆ ಹುಡುಗ ಅಲ್ಲಿದ್ದಾನೋ ಊರಿಗೆ ಮರಳಿದನೋ ಎಂದು ಆ ಫೈಲು ಹೇಳುವುದಿಲ್ಲ. ಸೋಜಿಗವೆಂದರೆ ಸರ್ಕಾರದ ಇನ್ನೊಂದು ಯೋಜನೆ ಶುರುವಾಗುವುದೇ ಆ ಹೊತ್ತಿಗೆ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಕೊಡುವ ಯುವನಿಧಿ. ಕಾಲೇಜಿನ ದಾಖಲೆ ಟಿ.ಸಿ. ಕೊಟ್ಟ ದಿನ ಮುಗಿಯುತ್ತದೆ, ಯುವನಿಧಿಯ ದಾಖಲೆ ಆರು ತಿಂಗಳಾದ ಮೇಲೆ ತೆರೆದುಕೊಳ್ಳುತ್ತದೆ. ನಡುವಿನ ಅವಧಿಯಲ್ಲಿ ಹುಡುಗರು ಏನು ಮಾಡುತ್ತಿದ್ದರು ಎಂಬುದು ಗೊತ್ತಿರುವುದು ಅವರ ಮನೆಯವರಿಗೆ ಮತ್ತು ಹೆಚ್ಚೆಂದರೆ ಆ ವಾಟ್ಸ್‌ಆ್ಯಪ್ ಗುಂಪಿಗೆ.

ಆ ಆರು ತಿಂಗಳಿಗೆ ಹೊಂದುವ ಒಂದು ಬಾಗಿಲು ಅಪ್ರೆಂಟಿಸ್‌ಶಿಪ್. 1961ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಎಂಜಿನಿಯರಿಂಗ್ ಓದದ ಪದವೀಧರರಿಗೂ ಅದು ತೆರೆದಿದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು, ಸಂಸ್ಥೆ ಆರಿಸಬೇಕು. ಕಲಿಯುವಾಗಲೇ ಶಿಷ್ಯವೇತನ, ಮುಗಿದಾಗ ಪ್ರಮಾಣಪತ್ರ. ಐಟಿಐ ಹುಡುಗರಿಗೆ ಇದು ಹಳೆಯ ಸುದ್ದಿ, ಹಟ್ಟಿಯ ಗಣಿಯ ಅಪ್ರೆಂಟಿಸ್ ಪ್ರಕಟಣೆಗೆ ಅವರು ಕಾದು ಕೂತಿರುತ್ತಾರೆ. ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಇದನ್ನು ಕೇಳಿದವರು ಕಡಿಮೆ. ನೋಟಿಸ್ ಬೋರ್ಡಿನಲ್ಲಿ ಪಿಸಿ ಕಾಲ್‌ಫಾರ್ಮ್ ಪಕ್ಕದಲ್ಲಿ ಇದಕ್ಕೂ ಒಂದು ಹಾಳೆಯ ಜಾಗ ಬಿಡಬಹುದು.